ಒಂದು ವಕೀಲಿ ಮನೆತನ ಮತ್ತು ಅದರ ಕೀರ್ತಿಶೇಷರು

ಉಚ್ಚ ನ್ಯಾಯಾಲಯಗಳಲ್ಲಿ ಒಂದು ಸಂಪ್ರದಾಯವುಂಟು. ಹಿರಿಯ ನ್ಯಾಯವಾದಿಯೊಬ್ಬರು ದಿವಂಗತರಾದರೆ ನ್ಯಾಯಮೂರ್ತಿಗಳೆಲ್ಲ ಒಂದೆಡೆ ಕೂಡುತ್ತಾರೆ; ವಕೀಲ ಬಾಂಧವರು ಎದ್ದು ನಿಲ್ಲುತ್ತಾರೆ; ಮೃತರ ಪಾಂಡಿತ್ಯವನ್ನೂ ಸೌಜನ್ಯವನ್ನೂ ಕುರಿತು ನಾಲ್ಕು ಮಾತುಗಳಾಗುತ್ತವೆ; ಕೊಂಚ ಹೊತ್ತಿನ ಮೌನದ ತರುವಾಯ ಅಂದಿನ ಮೊಕದ್ದಮೆಗಳ ಕೂಗು ಮತ್ತೆ ಆರಂಭವಾಗುತ್ತದೆ. ಸಂಪ್ರದಾಯ ಗೌರವಯುತವಾದುದೇ, ಸಂದೇಹವಿಲ್ಲ. ಆದರೆ ಆ ದಿನ ಸಂಜೆ ಮೃತರ ಕಚೇರಿಯ ಬಾಗಿಲನ್ನು ತೆರೆಯುವವರು ಯಾರು, ಅಲ್ಲಿ ಸಾಲಾಗಿ ಕಟ್ಟಿಟ್ಟ ಕಾಗದಪತ್ರಗಳ ಗಂಟುಗಳ ಗತಿಯೇನು, ಆ ಗಳಿಕೆಯನ್ನೇ ನೆಚ್ಚಿಕೊಂಡಿದ್ದ ಮಡದಿ ಮಕ್ಕಳ ಪಾಡೇನು ಎಂಬುದು ಸಭೆಯ ನಡವಳಿಕೆಯಲ್ಲಿ ದಾಖಲಾಗುವುದಿಲ್ಲ. ಮೃತ ಸಹೋದ್ಯೋಗಿಯ ನಿಜವಾದ ಸ್ಮರಣೆ ತೊಡಗುವುದು ಅಲ್ಲಿಂದಲೇ ಎಂದು ನಮಗೆ ತೋರುತ್ತದೆ. ನಮ್ಮ ಪತ್ರಿಕೆಯ ವಾಚಕರಲ್ಲಿಯೂ, ಮಠದ ಪ್ರಸಾದ ನಿಲಯದಲ್ಲಿದ್ದು ಓದಿ ಮುಂದೆ ಬಂದವರಲ್ಲಿಯೂ ನ್ಯಾಯವಾದಿಗಳು ಬಹಳ ಮಂದಿ ಇದ್ದಾರೆ. ಅವರ ವೃತ್ತಿಗೆ ಸಂಬಂಧಿಸಿದ ಒಂದು ಹಳೆಯ ಮನೆತನದ ವೃತ್ತಾಂತವನ್ನು ಇಲ್ಲಿ ಪರಿಶೀಲಿಸುವುದು ಅನುಚಿತವಾಗಲಾರದು.

ಆ ಮನೆತನ ಅಲಹಾಬಾದಿನದು. ೨೦೧೮ರಿಂದ ಪ್ರಯಾಗರಾಜವೆಂದು ಕರೆಯಲ್ಪಡುತ್ತಿರುವ ಊರು ಅದು. ನೆಹರೂ ಎಂಬ ಹೆಸರನ್ನು ಕೇಳಿದೊಡನೆ ಜನರ ಮನಸ್ಸಿಗೆ ಬರುವುದು ರಾಜಕಾರಣ. ಆದರೆ ರಾಜಕಾರಣಕ್ಕೆ ಮುನ್ನ ಅದೊಂದು ವಕೀಲಿ ಕಚೇರಿಯಾಗಿದ್ದಿತು. ಆ ಕಚೇರಿಯ ಮೂಲಪುರುಷ ಮೋತೀಲಾಲರಲ್ಲ, ಅವರ ಅಣ್ಣ ಪಂಡಿತ ನಂದಲಾಲ ನೆಹರೂ. ಈ ಹೆಸರನ್ನು ಕೇಳಿದವರು ಇಂದು ವಿರಳ.

ಅವರ ತಂದೆ ಗಂಗಾಧರರು ದಿಲ್ಲಿಯಲ್ಲಿ ಕೊತ್ವಾಲರಾಗಿದ್ದವರು. ೧೮೫೭ರ ದಂಗೆಯ ಕಾಲದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಕುಟುಂಬಸಮೇತ ಆಗ್ರಾಕ್ಕೆ ಓಡಿಬಂದರು. ೧೮೬೧ರ ಆರಂಭದಲ್ಲಿ ತೀರಿಕೊಂಡರು. ಅವರು ತೀರಿಕೊಂಡ ಮೂರು ತಿಂಗಳ ಮೇಲೆ, ಅದೇ ವರ್ಷದ ಮೇ ೬ರಂದು ಮೋತೀಲಾಲರ ಜನನವಾಯಿತು. ತಂದೆಯ ಮುಖವನ್ನೇ ಕಾಣದ ಆ ಶಿಶುವಿನ ಪಾಲನೆ ಇಬ್ಬರು ಅಣ್ಣಂದಿರ ಮೇಲೆ ಬಿದ್ದಿತು. ಹಿರಿಯರಾದ ಬನ್ಸೀಧರರು ಸರಕಾರದ ನ್ಯಾಯಾಂಗ ಇಲಾಖೆಯನ್ನು ಸೇರಿ ಊರಿಂದೂರಿಗೆ ವರ್ಗವಾಗುತ್ತಿದ್ದರು. ಹೀಗಾಗಿ ಮನೆಯ ಭಾರ ನಂದಲಾಲರ ಪಾಲಿಗೆ ಬಂದಿತು. ಅವರು ರಾಜಪುತಾನದ ಖೇತ್ರಿ ಎಂಬ ಚಿಕ್ಕ ಸಂಸ್ಥಾನದಲ್ಲಿ ಸೇವೆಗೆ ಸೇರಿ, ಕ್ರಮೇಣ ರಾಜಾ ಫತೇಸಿಂಗರ ದಿವಾನರಾದರು. ಪುಟ್ಟ ತಮ್ಮನೂ ಅಲ್ಲಿಯೇ ಅವರ ಬಳಿ ಬೆಳೆದು, ಪಾರಸಿ ಅರಬ್ಬೀ ಭಾಷೆಗಳನ್ನು ಕಲಿತನು. ೧೮೭೦ರಲ್ಲಿ ಫತೇಸಿಂಗರು ಕಾಲವಾದರು. ಅಜಿತಸಿಂಗರು ಪಟ್ಟಕ್ಕೆ ಬಂದರು. ಮುಂದೆ ೧೮೯೩ರಲ್ಲಿ ಸ್ವಾಮಿ ವಿವೇಕಾನಂದರ ಅಮೆರಿಕಾ ಪ್ರಯಾಣಕ್ಕೆ ನೆರವಾದ ಖೇತ್ರಿಯ ಮಹಾರಾಜರು ಇವರೇ. ದೊರೆ ಬದಲಾದ ಮೇಲೆ ನಂದಲಾಲರ ದಿವಾನಗಿರಿಯೂ ಮುಗಿಯಿತು. ಸಂಸಾರಸ್ಥನಾದ ಮನುಷ್ಯ ಅಧಿಕಾರ ಕಳೆದುಕೊಂಡ ಮೇಲೆ ಮತ್ತೆ ಪುಸ್ತಕ ಹಿಡಿಯುವುದು ಸುಲಭವಲ್ಲ. ಅವರು ಹಿಡಿದರು, ಕಾನೂನನ್ನು ಓದಿದರು, ಆಗ್ರಾದಲ್ಲಿ ವಕೀಲಿ ಆರಂಭಿಸಿದರು.

ವಾಯವ್ಯ ಪ್ರಾಂತದ ಉಚ್ಚ ನ್ಯಾಯಾಲಯ ೧೮೬೬ರಲ್ಲಿ ಆಗ್ರಾದಲ್ಲಿ ಸ್ಥಾಪಿತವಾಗಿ, ೧೮೬೯ರಲ್ಲಿ ಅಲಹಾಬಾದಿಗೆ ಸ್ಥಳಾಂತರಗೊಂಡಿತ್ತು. ನಂದಲಾಲರ ಕುಟುಂಬವೂ ನ್ಯಾಯಾಲಯದ ಬೆನ್ನುಹತ್ತಿ ಅಲಹಾಬಾದಿಗೆ ಬಂದು ನೆಲೆಸಿತು. ಅಂದಿನ ನ್ಯಾಯಾಲಯದಲ್ಲಿ ವಿಲಾಯತಿಯ ಬ್ಯಾರಿಸ್ಟರರದೇ ಮುಂಗಾಲು. ದೇಶೀಯ ವಕೀಲರು ಎರಡನೆಯ ಪಂಕ್ತಿಯವರು. ಆ ಪಂಕ್ತಿಯಲ್ಲಿದ್ದುಕೊಂಡೇ ನಂದಲಾಲರು ಕಕ್ಷಿದಾರರ ವಿಶ್ವಾಸವನ್ನು ಸಂಪಾದಿಸಿದರು.

ಮೋತೀಲಾಲರು ಬಾಲ್ಯದಲ್ಲಿ ಅಂಥ ಶ್ರದ್ಧಾವಂತ ವಿದ್ಯಾರ್ಥಿಯೇನೂ ಅಲ್ಲ. ಅಲಹಾಬಾದಿನ ಮ್ಯೂರ್ ಕಾಲೇಜಿನಲ್ಲಿದ್ದಾಗ ಬಿ.ಎ. ಪರೀಕ್ಷೆಯ ಮೊದಲ ಪತ್ರಿಕೆ ಕೆಟ್ಟಿತೆಂದು ಭಾವಿಸಿ ಉಳಿದವುಗಳಿಗೆ ಕುಳಿತುಕೊಳ್ಳಲೇ ಇಲ್ಲ. (ನಮ್ಮ ವಿದ್ಯಾರ್ಥಿಗಳು ಈ ಅಂಶವನ್ನು ಆದರ್ಶವೆಂದು ತಿಳಿಯದಿರಲಿ.) ಆದರೆ ೧೮೮೩ರ ವಕೀಲಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾದರು. ಅಣ್ಣನ ಕಚೇರಿಗೆ ನೇರವಾಗಿ ಬಂದು ಕೂಡಲಿಲ್ಲವೆಂಬುದು ಗಮನಾರ್ಹ. ಕಾನಪುರದ ಹೆಸರಾಂತ ವಕೀಲ ಪಂಡಿತ ಪೃಥ್ವೀನಾಥರ ಕೈಕೆಳಗೆ ಮೂರು ವರ್ಷ ಪಳಗಿ, ೧೮೮೬ರಲ್ಲಿ ಅಲಹಾಬಾದಿಗೆ ಬಂದರು. ಅಣ್ಣ ತಮ್ಮಂದಿರಿಬ್ಬರೂ ಒಂದೇ ನ್ಯಾಯಾಲಯದಲ್ಲಿ ಸಹೋದ್ಯೋಗಿಗಳಾದುದು ಹೀಗೆ. ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. ೧೮೮೭ರ ಏಪ್ರಿಲಿನಲ್ಲಿ, ಕೇವಲ ೪೨ನೆಯ ವಯಸ್ಸಿನಲ್ಲಿ ನಂದಲಾಲರು ಹಠಾತ್ತಾಗಿ ತೀರಿಕೊಂಡರು. ಅವರ ಹಿಂದೆ ಉಳಿದವರು ಪತ್ನಿ, ಐವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಮ್ಮನಿಗೆ ಆಗ ಇಪ್ಪತ್ತಾರು ತುಂಬಿರಲಿಲ್ಲ.

ಇಲ್ಲಿ ವಕೀಲಿ ವೃತ್ತಿಯ ಒಂದು ಸೂಕ್ಷ್ಮವನ್ನು ವಾಚಕರು ತಿಳಿಯಬೇಕು. ಅಂಗಡಿಯೊಡೆಯ ಸತ್ತರೆ ಸರಕು ಮಕ್ಕಳಿಗೆ ಉಳಿಯುತ್ತದೆ. ರೈತ ಸತ್ತರೆ ಹೊಲ ಉಳಿಯುತ್ತದೆ. ವಕೀಲ ಸತ್ತರೆ ಏನು ಉಳಿಯುತ್ತದೆ? ಕಕ್ಷಿದಾರ ಬರೆದುಕೊಟ್ಟ ವಕಾಲತ್ತು ವಕೀಲನ ಮರಣದೊಡನೆ ಕೊನೆಗೊಳ್ಳುತ್ತದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಹೀಗೆಯೇ ವಿಧಿಸಿದೆ. ಕಕ್ಷಿದಾರನು ತನ್ನ ಕಾಗದಗಳನ್ನು ಮರಳಿ ಪಡೆದು ತನಗೆ ಬೇಕಾದವರ ಬಳಿಗೆ ಹೋಗಲು ಸರ್ವಸ್ವತಂತ್ರ. ಹಾಗಿರುವಾಗ ನಂದಲಾಲರ ಮೊಕದ್ದಮೆಗಳು ಎಲ್ಲಿಗೆ ಹೋದುವು? ಅವುಗಳಲ್ಲಿ ಬಹಳಷ್ಟು ಎಳೆಯನಾದ ತಮ್ಮನ ಕೈಗೇ ಬಂದುವೆಂದೂ, ಅವುಗಳಲ್ಲಿ ದೊರೆತ ಜಯವೇ ತಂದೆಯ ಏಳಿಗೆಗೆ ನಾಂದಿಯಾಯಿತೆಂದೂ ಜವಾಹರಲಾಲರು ತಮ್ಮ ಆತ್ಮಕಥೆಯಲ್ಲಿ ನಿಸ್ಸಂಕೋಚವಾಗಿ ಒಪ್ಪಿದ್ದಾರೆ. ಈ ಒಂದು ಮಾತಿನ ತೂಕವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂಬುದು ನಮ್ಮ ಅಭಿಪ್ರಾಯ. ಮೋತೀಲಾಲರ ಐಶ್ವರ್ಯವನ್ನು ವರ್ಣಿಸುವವರು ಬಹಳ. ಆ ಐಶ್ವರ್ಯದ ಬೀಜದ ಕಾಳು ಸತ್ತ ಅಣ್ಣನ ಕಣಜದಿಂದ ಬಂದುದೆಂದು ಹೇಳುವವರು ಕಡಮೆ. ಕಕ್ಷಿದಾರರು ತಮ್ಮನ ಬಳಿಗೆ ಬಂದುದು ಅವರ ವಿದ್ವತ್ತನ್ನು ಕಂಡಲ್ಲ. ಅದನ್ನು ಕಾಣುವಷ್ಟು ಕಾಲವೇ ಇನ್ನೂ ಕಳೆದಿರಲಿಲ್ಲ. ನಂದಲಾಲರ ಮೇಲಿದ್ದ ನಂಬಿಕೆ ಆ ಹೆಸರಿಗೇ ಅಂಟಿಕೊಂಡು ಬಂದಿತ್ತು.

ಕಕ್ಷಿದಾರರ ಜೊತೆಗೆ ಬಂದ ಇನ್ನೊಂದು ಹೊರೆಯೆಂದರೆ ಆ ಏಳು ಮಂದಿ ಮಕ್ಕಳು. ಇಲ್ಲಿ ಧರ್ಮಶಾಸ್ತ್ರದ ಒಂದು ಪ್ರಶ್ನೆಯುಂಟು. ಅದರ ಬೇರು ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಹಿಂದೂಸ್ಥಾನದ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿವಿವಾದಗಳಲ್ಲಿ ಪ್ರಮಾಣವೆಂದು ಹಿಡಿದುದು ಮಿತಾಕ್ಷರವನ್ನು. ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾದ ಆ ಗ್ರಂಥವನ್ನು ವಿಜ್ಞಾನೇಶ್ವರನು ರಚಿಸಿದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ. ಅಲಹಾಬಾದಿನ ವಕೀಲರು ಹಗಲಿರುಳು ತಿರುವಿಹಾಕುತ್ತಿದ್ದ ಶಾಸ್ತ್ರ ಕನ್ನಡ ನೆಲದಲ್ಲಿ ಹುಟ್ಟಿದುದು! ಮನೆತನದ ಆಸ್ತಿಯ ವ್ಯಯವಿಲ್ಲದೆ ಗಳಿಸಿದ ವಿದ್ಯಾಧನ ಗಳಿಸಿದವನದು. ಮನೆತನದ ಖರ್ಚಿನಲ್ಲಿ ವಿಶೇಷ ವಿದ್ಯೆ ಕಲಿತು ಗಳಿಸಿದುದಾದರೋ ಅವಿಭಕ್ತ ಕುಟುಂಬಕ್ಕೆಲ್ಲ ಸೇರಿದುದು ಎಂಬ ವಿಚಾರ ಈ ಪರಂಪರೆಯಲ್ಲಿ ಬೆಳೆದುಬಂದಿತು. ವಕೀಲರ, ವೈದ್ಯರ, ಅಧಿಕಾರಿಗಳ ಸಂಪಾದನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಪಾಲು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದ ಪ್ರಸಂಗಗಳು ಎಷ್ಟೋ ಇವೆ. ೧೯೨೧ರಲ್ಲಿ ಪ್ರಿವಿ ಕೌನ್ಸಿಲು ಗೋಕಲಚಂದನ ಮೊಕದ್ದಮೆಯಲ್ಲಿ ಐ.ಸಿ.ಎಸ್. ಅಧಿಕಾರಿಯೊಬ್ಬರ ಸಂಪಾದನೆಯನ್ನೂ ಕುಟುಂಬದ ಸ್ವತ್ತೆಂದು ತೀರ್ಮಾನಿಸಿತು. ಎಂ. ಆರ್. ಜಯಕರರ ಪ್ರಯತ್ನದಿಂದ ೧೯೩೦ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂದ ಮೇಲೆ ಈ ಗೊಂದಲ ನೀಗಿತು. ವಿದ್ಯೆಯ ಗಳಿಕೆ ಗಳಿಸಿದವನದೇ ಎಂದಾಯಿತು.

ಮೋತೀಲಾಲರನ್ನು ಸಾಕಿ ಓದಿಸಿದವರು ನಂದಲಾಲರು. ತಮ್ಮ ಗಳಿಕೆಯಲ್ಲಿ ಅಣ್ಣನ ಮಕ್ಕಳಿಗೆ ಪಾಲುಂಟೋ ಇಲ್ಲವೋ ಎಂಬುದು ಶಾಸ್ತ್ರದಲ್ಲಿ ಬಿಸಿ ಚರ್ಚೆಯ ವಿಷಯವಾಗಬಹುದಾಗಿತ್ತು. ಅವರ ಮನೆಯಲ್ಲಿ ಅದು ಚರ್ಚೆಗೆ ಬರುವ ಅಗತ್ಯವೇ ಬೀಳಲಿಲ್ಲ. ಅಣ್ಣನ ಮಕ್ಕಳು ತಮ್ಮ ಮಕ್ಕಳೊಡನೆಯೇ ಬೆಳೆದರು, ವಿದ್ಯಾವಂತರಾದರು, ವಿವಾಹಗಳಾದುವು. ನಂದಲಾಲರ ಮಗ ಬ್ರಿಜಲಾಲರು ವಿಲಾಯತಿಯ ಆಕ್ಸಫರ್ಡಿನಲ್ಲಿ ಓದಿದರು. ಈ ಬ್ರಿಜಲಾಲರ ಪತ್ನಿಯೇ ಮಹಿಳೋದ್ಧಾರದ ಕಾರ್ಯದಲ್ಲಿ ಹೆಸರಾದ ರಾಮೇಶ್ವರೀ ನೆಹರೂ. ಅವರ ಮಗ ಬಿ. ಕೆ. ನೆಹರೂ, ೧೯೬೧ರಿಂದ ೧೯೬೮ರವರೆಗೆ ಅಮೆರಿಕಾದಲ್ಲಿ ಭಾರತದ ರಾಯಭಾರಿಯಾಗಿದ್ದವರು. ಎಲ್ಲ ವಿಷಯಗಳಲ್ಲಿ ಮೋತೀಲಾಲರನ್ನು ಮೆಚ್ಚಬೇಕಾಗಿಲ್ಲ. ಅವರ ಕೋಪ ಪ್ರಸಿದ್ಧ; ಅವರ ಭೋಗಜೀವನ ಸಂನ್ಯಾಸಿಗಳ ಲೇಖನಿಗೆ ಒಗ್ಗುವ ವಸ್ತುವಲ್ಲ. ಆದರೆ ತೀರಿಹೋದ ಹಿರಿಯ ಸಹೋದ್ಯೋಗಿಯ ಗಂಟುಗಳನ್ನು ಬಿಚ್ಚಿದವರು ಅವರ ಮನೆಯ ಒಲೆಯನ್ನೂ ಆರಗೊಡಲಿಲ್ಲವೆಂಬುದನ್ನು ಒಪ್ಪಲೇಬೇಕು.

ಕಚೇರಿ ಬೆಳೆಯಿತು. ೧೮೯೬ರಲ್ಲಿ ನ್ಯಾಯಾಲಯವು ನಾಲ್ವರೇ ವಕೀಲರನ್ನು ಆಯ್ದು ಅಡ್ವೊಕೇಟರ ಪಟ್ಟಿಗೆ ಏರಿಸಿತು. ಅವರಲ್ಲಿ ಮೋತೀಲಾಲರೂ ಪಂಡಿತ ಸುಂದರಲಾಲರೂ ಇದ್ದರು. ಜಮೀನುದಾರರ, ತಾಲ್ಲೂಕುದಾರರ ದತ್ತಕ, ವಿಭಜನೆ, ವಿಧವಾ ಸ್ವತ್ತು ಮುಂತಾದ ವ್ಯಾಜ್ಯಗಳೇ ಅಲ್ಲಿನ ಮುಖ್ಯ ಆದಾಯ. ಇಂಥವು ಒಂದೆರಡು ವರ್ಷಗಳಲ್ಲಿ ಮುಗಿಯುವಂಥವಲ್ಲ. ಲಖನಾ ಸಂಸ್ಥಾನದ ಮೊಕದ್ದಮೆಯಂತೂ ದೀರ್ಘಕಾಲ ಅವರ ಬೆನ್ನುಹತ್ತಿಯೇ ಇದ್ದಿತು. ದಾವೆ ಹೂಡಿದವನು ಸತ್ತು ಮಗ ಕಕ್ಷಿದಾರನಾಗುವುದು, ವಕೀಲ ಸತ್ತು ಶಿಷ್ಯ ವಾದಿಸುವುದು ಆ ಕಾಲದ ಸಾಮಾನ್ಯ ಸಂಗತಿಗಳು. ಮಠದ ಭೂಮಿಕಾಣಿಗಳ ವ್ಯಾಜ್ಯ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಚೇರಿಯ ಸ್ಮೃತಿಭಂಡಾರ ಯಾರು? ವಕೀಲನಲ್ಲ, ಅವನ ಮುನ್ಷಿ. ಯಾವ ಗಂಟಿನಲ್ಲಿ ಯಾವ ದಸ್ತಾವೇಜಿದೆ, ಯಾವ ತಾರೀಖಿಗೆ ಯಾವ ವಿಚಾರಣೆ, ಯಾರ ತಂದೆ ಯಾರ ಮೇಲೆ ಹಿಂದೆ ದಾವೆ ಹೂಡಿದ್ದ ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿರಬೇಕು. ಮೋತೀಲಾಲರ ಮುನ್ಷಿಗಳಲ್ಲಿ ಒಬ್ಬರು ಮುಬಾರಕ ಅಲಿ. ಬದಾಯೂನಿನ ಸ್ಥಿತಿವಂತ ಮನೆತನದವರು. ೧೮೫೭ರಲ್ಲಿ ಆಂಗ್ಲ ಸೈನ್ಯ ಅವರ ಮನೆತನವನ್ನು ಬಹುಮಟ್ಟಿಗೆ ನಿರ್ನಾಮ ಮಾಡಿತ್ತು. ನೆಲೆಗೆಟ್ಟ ನೆಹರೂ ಕುಟುಂಬವೂ ನೆಲೆಗೆಟ್ಟ ಮುಬಾರಕ ಅಲಿಗಳೂ ಒಂದೇ ಬಿರುಗಾಳಿಗೆ ಸಿಕ್ಕಿ ಒಂದೇ ದಡಕ್ಕೆ ಬಂದು ಬಿದ್ದವರು ಎನ್ನಬಹುದು. ನರೆಗಡ್ಡದ ಈ ಮುದುಕರ ಮಗ್ಗುಲಲ್ಲಿ ಕುಳಿತು ಬಾಲಕ ಜವಾಹರನು ಅರೇಬಿಯದ ಇರುಳುಗಳ ಕಥೆಗಳನ್ನೂ, ೧೮೫೭ರ ಘಟನೆಗಳನ್ನೂ ಗಂಟೆಗಟ್ಟಲೆ ಕೇಳುತ್ತಿದ್ದನು. ಈದಿನ ದಿನ ಅವರ ಮನೆಗೆ ಹೋಗಿ ಸಿಹಿ ಶ್ಯಾವಿಗೆಯನ್ನು ಸವಿಯುತ್ತಿದ್ದನು.

ಅನೇಕ ವರ್ಷಗಳ ತರುವಾಯ ಮುಬಾರಕ ಅಲಿಗಳು ತೀರಿಕೊಂಡರು. ೧೯೩೪ ಮತ್ತು ೧೯೩೫ರಲ್ಲಿ ಕಾರಾಗೃಹದಲ್ಲಿ ಕುಳಿತು ಆತ್ಮಕಥೆಯನ್ನು ಬರೆಯುವಾಗ ಜವಾಹರಲಾಲರು ಅವರನ್ನು ಅಮೂಲ್ಯ ನೆನಪೆಂದು ಸ್ಮರಿಸಿದ್ದಾರೆ. ಆ ಗ್ರಂಥ ೧೯೩೬ರಲ್ಲಿ ಪ್ರಕಟವಾಗಿ ಜಗತ್ತಿನ ಅನೇಕ ಭಾಷೆಗಳಿಗೆ ಹೋಯಿತು. ಅಂದಿನ ನ್ಯಾಯಮೂರ್ತಿಗಳನೇಕರ ಹೆಸರುಗಳು ಇಂದು ತೀರ್ಪುಗಳ ಸಂಪುಟದಲ್ಲಿ ಮಾತ್ರ ಉಳಿದಿವೆ. ಒಬ್ಬ ಗುಮಾಸ್ತರ ಹೆಸರು ಲಕ್ಷಾಂತರ ಓದುಗರಿಗೆ ತಿಳಿದಿದೆ. ಸಹೋದ್ಯೋಗಿಯೆಂದರೆ ಕರಿಯ ನಿಲುವಂಗಿ ತೊಟ್ಟವನು ಮಾತ್ರವೇ ಎಂಬ ಭ್ರಮೆ ಇರುವವರು ಆ ಪುಟಗಳನ್ನು ಓದಬೇಕು. ಮಠಗಳ ಚರಿತ್ರೆಯನ್ನು ಬರೆಯುವವರೂ ಓದುವುದು ಲೇಸು. ನಾವು ಪಟ್ಟಾಧಿಕಾರಿಗಳ ಪರಂಪರೆಯನ್ನು ಬರೆಯುತ್ತೇವೆ, ಕಾರಕೂನರ ಪರಂಪರೆಯನ್ನು ಬರೆಯುವುದಿಲ್ಲ.

ಅದೇ ವಕೀಲ ಸಂಘದ ಇತರರನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಸುಂದರಲಾಲರು ೧೯೧೬ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ ೧೯೧೮ರಲ್ಲಿ ತೀರಿಕೊಂಡರು. ತೇಜ ಬಹಾದೂರ ಸಪ್ರು ಅವರು ರಾಜಕೀಯದಲ್ಲಿ ಮೋತೀಲಾಲರಿಗೆ ವಿರುದ್ಧ ದಿಕ್ಕಿನವರಾದರೂ ಸ್ನೇಹದಲ್ಲಿ ಬಿರುಕು ಬಿಡಲಿಲ್ಲ. ಮದನ ಮೋಹನ ಮಾಳವೀಯರು ವೃತ್ತಿಯನ್ನು ಬಿಟ್ಟು ವರ್ಷಗಳಾದ ಮೇಲೆ, ಚೌರಿ ಚೌರಾ ಪ್ರಕರಣದಲ್ಲಿ ಮರಣದಂಡನೆಗೊಳಗಾದ ೧೭೨ ಮಂದಿಗಾಗಿ ಮತ್ತೆ ನಿಲುವಂಗಿ ತೊಟ್ಟು ನಿಂತರು. ೧೯೨೩ರಲ್ಲಿ ಉಚ್ಚ ನ್ಯಾಯಾಲಯ ೧೯ ಮಂದಿಯ ಮರಣದಂಡನೆಯನ್ನು ಮಾತ್ರ ಕಾಯಂ ಮಾಡಿತು.

೧೯೧೨ರಲ್ಲಿ ಜವಾಹರಲಾಲರು ಬ್ಯಾರಿಸ್ಟರರಾಗಿ ಮರಳಿ ತಂದೆಯ ಕಚೇರಿಯನ್ನು ಸೇರಿದರು. ಅವರಿಗೆ ಬಂದ ಮೊದಲ ಶುಲ್ಕ ೫೦೦ ರೂಪಾಯಿ; ತಮಗೆ ಮೊದಲು ದೊರೆತುದು ೫ ರೂಪಾಯಿ ಮಾತ್ರವೆಂದು ತಂದೆ ವಿನೋದವಾಗಿ ಬರೆದು ತಿಳಿಸಿದರು. ಆ ಐದು ಐನೂರಾಗುವ ನಡುವೆ ನಂದಲಾಲರ ಹೆಸರೂ ಇತ್ತೆಂಬುದನ್ನು ನಾವು ಸೇರಿಸಿಕೊಳ್ಳಬೇಕು. ಮಗನಿಗೆ ಈ ವೃತ್ತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ೧೯೨೦ರಲ್ಲಿ ಅಸಹಕಾರದ ಕರೆ ಬಂದಾಗ ತಂದೆಯೂ ವೃತ್ತಿಯನ್ನು ತೊರೆದರು. ಮುಂದೆ ಒಪ್ಪಿಕೊಂಡ ಕೆಲವು ಹಳೆಯ ಮೊಕದ್ದಮೆಗಳ ಹೊರತು ಆ ಕಚೇರಿಯ ಕಥೆ ಅಲ್ಲಿಗೆ ಮುಗಿದಂತೆಯೇ.

ಇದೇ ಬಗೆಯ ಋಣವನ್ನು ಬೇರೊಂದು ರೀತಿಯಲ್ಲಿ ತೀರಿಸಿದ ಇನ್ನೊಂದು ವಕೀಲಿ ಮನೆತನ ಕಲಕತ್ತೆಯಲ್ಲಿದ್ದಿತು. ಚಿತ್ತರಂಜನ ದಾಸರ ತಂದೆ ಭುವನಮೋಹನರು ಅಲ್ಲಿನ ಉಚ್ಚ ನ್ಯಾಯಾಲಯದಲ್ಲಿ ಅಟಾರ್ನಿ. ಕೇಳಿದವರಿಗೆ ಇಲ್ಲವೆನ್ನದೆ, ಪರರ ಸಾಲಕ್ಕೆ ಜಾಮೀನು ನಿಂತು ಮುಳುಗಿದವರು. ೧೯೦೬ರಲ್ಲಿ ತಂದೆ ಮಗ ಇಬ್ಬರೂ ದಿವಾಳಿಯೆಂದು ಘೋಷಿಸಿಕೊಳ್ಳಬೇಕಾಯಿತು. ಕಾನೂನಿನ ಪ್ರಕಾರ ಆ ಸಾಲಗಳ ಬಾಧ್ಯತೆ ಅಲ್ಲಿಗೆ ತೀರಿತ್ತು. ಆದರೆ ಆಲಿಪುರದ ಬಾಂಬು ಮೊಕದ್ದಮೆಯಲ್ಲಿ ಅರವಿಂದರ ಪರವಾಗಿ ವಾದಿಸಿ, ೧೯೦೯ರಲ್ಲಿ ಅವರನ್ನು ಬಿಡಿಸಿ ಖ್ಯಾತರಾದ ಮೇಲೆ ದಾಸರು ಮಾಡಿದುದೇನು? ೧೯೧೩ರಲ್ಲಿ ಸಾಲಗಾರರನ್ನು ಹುಡುಕಿ ಹುಡುಕಿ ಹಣವನ್ನೆಲ್ಲ ತೀರಿಸಿ, ದಿವಾಳಿಯ ಆಜ್ಞೆಯನ್ನು ರದ್ದುಗೊಳಿಸಿಕೊಂಡರು. ಮರುವರ್ಷ ಭುವನಮೋಹನರು ತೀರಿಕೊಂಡರು; ಸಾಲವಿಲ್ಲದ ಮನುಷ್ಯನಾಗಿ ತೀರಿಕೊಂಡರು.

ಡುಮರಾಂವ್ ಸಂಸ್ಥಾನದ ಮೊಕದ್ದಮೆಯಲ್ಲಿ ಎದುರು ಬದುರು ನಿಂತು ವಾದಿಸಿದ್ದ ಮೋತೀಲಾಲರೂ ದಾಸರೂ ರಾಜಕಾರಣದಲ್ಲಿ ಒಂದಾಗಿ ೧೯೨೩ರಲ್ಲಿ ಸ್ವರಾಜ್ಯ ಪಕ್ಷವನ್ನು ಕಟ್ಟಿದರು. ೧೯೨೪ರ ಡಿಸೆಂಬರದಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ ಇಬ್ಬರೂ ಅಲ್ಲಿದ್ದರು. ಗಾಂಧೀಜಿಯವರೊಡನೆ ಅವರಿಬ್ಬರು ಮಾಡಿಕೊಂಡಿದ್ದ ಒಪ್ಪಂದಕ್ಕೆ ಆ ಅಧಿವೇಶನ ಮುದ್ರೆಯೊತ್ತಿತು. ಆರು ತಿಂಗಳು ಕಳೆಯುವುದರೊಳಗೆ, ೧೯೨೫ರ ಜೂನ್ ೧೬ರಂದು ದಾರ್ಜಿಲಿಂಗಿನಲ್ಲಿ ದಾಸರು ಅಸ್ತಂಗತರಾದರು. ಅವರು ದಾನವಿತ್ತ ಕಲಕತ್ತೆಯ ಮನೆಯಲ್ಲಿ ಮರುವರ್ಷ ಚಿತ್ತರಂಜನ ಸೇವಾ ಸದನವೆಂಬ ಆಸ್ಪತ್ರೆ ಆರಂಭವಾಯಿತು.

೧೯೩೧ರ ಫೆಬ್ರವರಿ ೬ರಂದು ಲಖನೌದಲ್ಲಿ ಮೋತೀಲಾಲರು ಕಣ್ಮುಚ್ಚಿದರು. ವಿಲಾಯತಿಯ ದುಂಡುಮೇಜಿನ ಪರಿಷತ್ತಿನಿಂದ ಹಿಂದಿರುಗಿದ ಸಪ್ರು ಅವರು ಮುಂಬಯಿಯಲ್ಲಿ ಹಡಗಿನಿಂದಿಳಿದುದೂ ಅದೇ ದಿನ. ಅವರು ನೇರವಾಗಿ ಅಲಹಾಬಾದಿಗೆ ಬಂದರು. ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಸೂತಕದ ನಡುವೆಯೇ ನಡೆದ ಮಾತುಕತೆಗಳಿಂದ ಮುಂದೆ ಗಾಂಧಿ ಇರ್ವಿನ್ ಒಪ್ಪಂದಕ್ಕೆ ದಾರಿಯಾಯಿತು. ೧೯೪೫ರ ನವಂಬರಿನಲ್ಲಿ ದಿಲ್ಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಸೇನೆಯವರ ವಿಚಾರಣೆ ತೊಡಗಿದಾಗ ಭುಲಾಭಾಯಿ ದೇಸಾಯಿಯವರ ಬದಿಯಲ್ಲಿ ವೃದ್ಧರಾದ ಸಪ್ರು ಇದ್ದರು. ಕೈಲಾಸನಾಥ ಕಾಟ್ಜು ಇದ್ದರು. ಸುಮಾರು ಕಾಲು ಶತಮಾನದ ತರುವಾಯ ನಿಲುವಂಗಿ ತೊಟ್ಟ ಜವಾಹರಲಾಲರೂ ಇದ್ದರು.

ಈ ಕಾಟ್ಜು ಅವರೂ ೧೯೦೮ರಲ್ಲಿ ವೃತ್ತಿಯನ್ನಾರಂಭಿಸಿದುದು ಕಾನಪುರದಲ್ಲಿ, ಅದೇ ಪಂಡಿತ ಪೃಥ್ವೀನಾಥರ ಆಶ್ರಯದಲ್ಲಿ. ೧೯೧೪ರಲ್ಲಿ ಅಲಹಾಬಾದಿಗೆ ಬಂದರು. ಮುಂದೆ ಕೇಂದ್ರದ ಗೃಹಮಂತ್ರಿಗಳೂ ಮಧ್ಯಪ್ರದೇಶದ ಮುಖ್ಯಮಂತ್ರಿಗಳೂ ಆದರು. ಅವರ ಮಗನೂ ಮೊಮ್ಮಗನೂ ನ್ಯಾಯಮೂರ್ತಿಗಳಾದರು. ತಮ್ಮ ಇಳಿವಯಸ್ಸಿನಲ್ಲಿ ಅವರು ವೃತ್ತಿಜೀವನದ ನೆನಪುಗಳನ್ನು ಬರೆದಿಟ್ಟು ೧೯೬೮ರಲ್ಲಿ ತೀರಿಕೊಂಡರು. ನಂದಲಾಲರನ್ನು ನ್ಯಾಯಾಲಯದಲ್ಲಿ ಕಂಡವರಲ್ಲಿ ಯಾರೂ ಅವರ ಜೀವನವನ್ನು ಒಂದು ಗ್ರಂಥವಾಗಿ ಬರೆದು ಪ್ರಸಿದ್ಧಪಡಿಸಲಿಲ್ಲ. ಅವರು ತೀರಿಕೊಂಡ ಎರಡೂವರೆ ವರ್ಷಗಳ ಮೇಲೆ ಹುಟ್ಟಿದ, ದೊಡ್ಡಪ್ಪನನ್ನು ಒಮ್ಮೆಯೂ ಕಾಣದ ತಮ್ಮನ ಮಗ, ಸೆರೆಮನೆಯಲ್ಲಿ ಬರೆದ ಗ್ರಂಥದ ಮೊದಲ ಅಧ್ಯಾಯದಲ್ಲಿ ಕೆಲವು ಪಂಕ್ತಿಗಳನ್ನು ಅವರಿಗೆ ಮೀಸಲಿಟ್ಟಿದ್ದಾರೆ.